ಇಟ್ಟಂಗಿ ಎತ್ತರ

ಗವಂಡಿ ಲಾಡ್ಲೇಸಾಬ ನಾಳಿ ಬರ್ತೀನಿ ಅಂದು
ಮೂರು ಸೋಮವಾರ ಆದವು.
ಹೋಟಗಿ ರಸ್ತೆಯ ಅಂಗಡ್ಯಾಗ ಅಗ್ಗಕ್ಕ ಸಿಕ್ಕ ಟೈಲ್ಸು,
ನಾಲ್ಕು ಪೆಟಗಿ, ಒಂದರಾಗ ಹನ್ನೊಂದ,
ಬಣ್ಣ ಒಂದಕ್ಕೊಂದು ಸೋದರತ್ತಿ ಮಕ್ಕಳಷ್ಟ ಹೋಲಿಕಿ,
ಪಲಂಗದ ಕೆಳಗ ಧೂಳು ತಿಂತಿದ್ದವು.
ಕಾರಖಾನಿಗೆ ನೂಲು ಬಂದಿರಲಿಲ್ಲ. ಮಗ್ಗ ನಿಂತಿದ್ದವು,
ನಾನೂ ನಿಂತಿದ್ದೆ
ಅಡಿಗಿಮನಿ ಬಾಗಲದಾಗ, ಕೈ ಕಟಗೊಂಡು.
'ನಾನ ಹಾಕ್ತೀನಿ' ಅಂದೆ.
ಮಹಾನಂದಾ ನಗಲಿಲ್ಲ. ಅದಕ್ಕ ಹೆದರಿದೆ.

ಕಟ್ಟಿ ಖಾಲಿ ಮಾಡಾಕ ಒಂದು ಮುಂಜಾನಿ ಹೋತು.
ಡಬ್ಬಿ ಸರಿಸಿದಲ್ಲೆಲ್ಲಾ ಬೆಳ್ಳನ ಗುಂಡು ಕಲಿ,
ಶಹಾಬಾದಿ ಫರಸಿ ಮ್ಯಾಲ ಚಂದ್ರನ ಅಂಗಡಿ.
ಶೇಂಗಾ ಹಿಂಡಿ ಕುಟ್ಟೂ ಜಾಗಾ ಕುಳಿ ಬಿದ್ದಿತ್ತು,
ಬೆರಳಿಟ್ಟರ ಇನ್ನೂ ಎಣ್ಣಿ.
ಹಳೇ ಕಲ್ಲಿಗೆ ಉಳಿಲೆ ಗಾಯ ಮಾಡು,
ಇಲ್ಲಂದ್ರ ಸಿಮೆಂಟು ಹಿಡಿಯೂದಿಲ್ಲ ಅಂದ
ಬಾಜೂಮನಿ ಅಂಬಾದಾಸ, ಕಂಪೌಂಡ ಮ್ಯಾಲಿಂದ.
ಅವನ ತೆಲುಗಿನ್ಯಾಗ ಇದು ಗಟ್ಟು,
ಅಂಗಡಿ ಬಿಲ್ಲಿನ್ಯಾಗ ಓಟಾ, ನಮಗ ಕಟ್ಟಿ.
ಉಳಿಗೆ ಮೂರೂ ಒಂದ ಕಲ್ಲು.

ದಾರ ಕಟ್ಟಿದೆ. ಕಾರಖಾನಿ ದಾರನ, ಕೆಂಪು, ಎರಡೆಳಿ,
ಈ ಗ್ವಾಡಿಯಿಂದ ಆ ಗ್ವಾಡಿಗೆ.
ಇಪ್ಪತ್ತಾರು ವರ್ಷ ಹಾಸು ಹೊಕ್ಕು ನೋಡಿದ ಕಣ್ಣು;
ಒಂದೆಳಿ ಹರದರ ಮಗ್ಗದ ಸದ್ದು ಕೇಳಿ ಹೇಳ್ತೀನಿ.
ಟೈಲ್ಸಿಗೆ ಸದ್ದಿಲ್ಲ. ಹಸಿ ಸಿಮೆಂಟಿನ ಮ್ಯಾಲ
ಮೆತ್ತಗ ಜಾರತಾವ, ನಾ ಆ ಕಡೆ ನೋಡಿದಾಗ.
ಗ್ವಾಡೀನೂ ನೆಟ್ಟಗಿಲ್ಲ ಅಂಬೂದು ಇವತ್ತ ಗೊತ್ತಾತು,
ಇಷ್ಟು ದಿನ ಅದಕ್ಕ ಬೆನ್ನು ಕೊಟ್ಟು ಉಂಡೆ.

ಮೂರನೇ ಸಾಲಿಗೆ ನಡಾ ಹೋತು.
ನೆಟ್ಟಗ ನಿಂತರ ಕೆಲಸ ದೂರ, ಬಗ್ಗಿದರ ಬೆನ್ನಾಗ ಮೊಳಿ.
'ಯಾಕ ಇಷ್ಟು ತೆಳಗ ಐತಿ ಇದು?'
'ನಿಮ್ಮವ್ವನ ಅಳತಿ.'
ಮಹಾನಂದಾ ಮರಳು ಸಾಣಿಸಾಕತ್ತಿದ್ದಳು, ತಲಿ ಎತ್ತಲಿಲ್ಲ.

ನಮ್ಮವ್ವ ನಿಂಬೆವ್ವ ನನ್ನ ಎದಿಮಟ್ಟ ಇದ್ದಾಕಿ.
ಕಟ್ಟಿ ಕಟ್ಟುವಾಗ ಆಕಿನ್ನ ನಿಲ್ಲಿಸಿ
ಮೊಣಕೈ ಮಟ್ಟಕ್ಕ ಇದ್ದಲಿಲೆ ಗೀಟು ಎಳದಿದ್ದರು,
ನಾ ಆಗ ಸಾಲಿ ಹುಡುಗ, ಇದ್ದಲಿ ಹಿಡದು ನಿಂತಾಂವ.
ಮಹಾನಂದಾ ನನಗಿಂತ ನಾಲ್ಕು ಬೊಟ್ಟು ಉದ್ದ.
ಲಗ್ನದ ಫೋಟೋದಾಗ ನಾ ಇಟ್ಟಂಗಿ ಮ್ಯಾಲ ನಿಂತೀನಿ,
ಪಂಢರಪುರದ ಇಠಲನಂಗ.
ಅದು ಬೀಗರಿಗೆಲ್ಲಾ ಗೊತ್ತಿದ್ದ ನಗಿ.
ಇದಕ್ಕ ಯಾರೂ ನಕ್ಕಿಲ್ಲ.
ಹತ್ತೊಂಬತ್ತು ವರ್ಷ, ದಿನಕ್ಕ ಇಷ್ಟು ರೊಟ್ಟಿ ಅಂದರ...
ಲೆಕ್ಕ ಹಾಕಾಕ ಹೋಗಿ ಬಿಟ್ಟೆ.
'ಹೇಳಬಾರದೇನ?'
'ಕಲ್ಲಿಗೆ ಏನ ಹೇಳೂದು?'
ಯಾವ ಕಲ್ಲು ಅಂತ ನಾ ಕೇಳಲಿಲ್ಲ.

ಹಾಕಿದ್ದೆಲ್ಲಾ ಕಿತ್ತೆ, ಹಸಿ ಇದ್ದಾಗನ.
ತೊಳದು ಒರಸಿ ತಿರುಗಿ ಪೆಟಗ್ಯಾಗ.
ಫರಸಿ ಮ್ಯಾಲ ಇಟ್ಟಂಗಿ ಒಂದು ವರಸಿ, ಮ್ಯಾಲ ಗಿಲಾವ.
ಆಕಿ ಬಂದು ನಿಂತಳು ಕಟ್ಟಿ ಮುಂದ, ಮೊಣಕೈ ಮಡಚಿ,
ಗಾಳ್ಯಾಗ ಒಂದು ಮುದ್ದಿ ಹಿಟ್ಟು ನಾದಿದಳು.
'ಒಂದೀಟು.'
ಒಂದೀಟು ಹಾಕಿದೆ.
'ಹೂಂ.'

ಒಂದಿನ ಯಾರೂ ಮುಟ್ಟಬ್ಯಾಡ್ರಿ ಅಂದೆ.
ರಾತ್ರಿ ಪಡಸಾಲ್ಯಾಗ ಸ್ಟೋವ್ ಹಚ್ಚಿ ಉಪ್ಪಿಟ್ಟು.
ಬೆಕ್ಕಿಗೆ ಹೇಳೂದು ಮರತಿತ್ತು,
ಸಂದಿಯ ಬಿಳಿ ಸಿಮೆಂಟಿನ್ಯಾಗ ಅದರ ಉಗುರಿನ ಗೀಟು ಹಂಗ ಐತಿ.

ಉಳದ ತಪ್ಪೂ ಹೇಳೇಬಿಡ್ತೀನಿ, ಬಂದರ ಹೆಂಗೂ ಕಾಣತಾವ.
ಮೂಲ್ಯಾಗಿನ ತುಂಡು ಟೈಲ್ಸು ಸಿಲಿಂಡರ್ ಹಿಂದ ಅದಾವ.
ಇಳಕಲು ಉಲ್ಟಾ ಆತು: ನೀರು ಸಿಂಕಿಗೆ ಹೋಗೂ ಬದಲಿ
ಗ್ವಾಡಿ ಕಡೆ ಹೋಗಿ ಕುಂದರತೈತಿ, ಮುನಿಸಿಕೊಂಡ ಅಳಿಯನಂಗ.
ಅಲ್ಲಿ ಆಕಿ ಒಂದು ಟಾವೆಲ್ ಮಡಚಿ ಇಟ್ಟಾಳ,
ನಮ್ಮ ಕಾರಖಾನಿದು, ಸೆಕೆಂಡ್ ಮಾಲು,
ಎಳಿ ತಪ್ಪಿದ್ದು. ಅದೂ ನಂದ.

ಒಲಿಯಿಂದ ಎರಡನೇ ಟೈಲ್ಸಿನ ಕೆಳಗ ಪೊಳ್ಳು ಉಳದೈತಿ.
ಸೌಟಿನ ತುದಿಲೆ ಬಡದರ
ಉಳದವೆಲ್ಲಾ ಟಕ್ ಅಂತಾವ, ಅದೊಂದು ಡಬ್.
ಕಿತ್ತು ಹಾಕ್ತೀನಿ ಅಂದರ ಬ್ಯಾಡ ಅಂದಳು.
ಚಾ ಆತಂದ್ರ ಅದನ್ನ ಬಡೀತಾಳ.
ಎದ್ದು ಹೋಗ್ತೀನಿ.